ಕೊನೆ ಇಲ್ಲದ ಕ್ಯಾಸೆಟ್ಟು

ನಿಪ್ಪಾಣಿಯ ಹೈಸ್ಕೂಲಿಗೆ ವರ್ಗವಾಗಿ ಹೋದಾಗ ನನಗೆ ಮೂವತ್ತೆರಡು ವರ್ಷ. ಅಥಣಿಯ ಅಣ್ಣನ ಮನೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಸ್ಟೋವು ಹೊತ್ತುಕೊಂಡು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಇಳಿದೆ. ಇಳಿದ ಕೂಡಲೆ ತಂಬಾಕಿನ ಘಾಟಿಗೆ ಏಳೆಂಟು ಸಲ ಸೀನಿದೆ. ಬಸ್ ನಿಲ್ದಾಣದಲ್ಲಿ ಪೇರಲಹಣ್ಣು ಮಾರುವವಳು ಮರಾಠಿಯಲ್ಲಿ ಏನೋ ಅಂದು ನಕ್ಕಳು. ನನಗೆ ಸಿಟ್ಟು ಬಂತು. ಆ ಊರಿನಲ್ಲಿ ನನಗೆ ಮೊದಲು ಬಂದದ್ದು ಸಿಟ್ಟೇ.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಕನ್ನಡ ಕಲಿಸುವ ಅಕ್ಕಾರು. ನಮ್ಮ ಕಡೆ ಶಾಲೆಯ ಹೆಣ್ಣು ಮಾಸ್ತರರಿಗೆ ಹಾಗೇ ಅನ್ನುತ್ತಾರೆ. ಊರಿನ ಅರ್ಧ ಮಂದಿ ಮರಾಠಿ ಆಡುತ್ತಿದ್ದರು, ಉಳಿದರ್ಧ ಮಂದಿ ನನ್ನೊಡನೆ ಮಾತೇ ಆಡುತ್ತಿರಲಿಲ್ಲ ಎಂದು ಆಗ ನಾನು ಅಣ್ಣನಿಗೆ ಪತ್ರ ಬರೆದಿದ್ದೆ. ಅದು ಅನ್ಯಾಯದ ಮಾತು. ನನ್ನ ಮುಖ ನೋಡಿದರೆ ಯಾರಿಗೂ ಮಾತಾಡಿಸುವ ಮನಸ್ಸಾಗುತ್ತಿರಲಿಲ್ಲ. ನನಗೆ ಇಪ್ಪತ್ತನಾಲ್ಕಾದಾಗ ಒಂದು ಮನೆಯವರು ಬಂದು ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, ಹುಡುಗನನ್ನೂ ತೋರಿಸಿ, "ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ" ಎಂದು ಹೋಗಿದ್ದರು. ಹೇಳಿ ಕಳಿಸಲೇ ಇಲ್ಲ. ಒಲ್ಲೆ ಎಂದಾದರೂ ಅಂದಿದ್ದರೆ ಅತ್ತು ಮುಗಿಸಬಹುದಿತ್ತು. ನಾನು ಎರಡು ವರ್ಷ ಟಪಾಲಿನವನ ದಾರಿ ನೋಡಿದೆ. ಆಮೇಲೆ ಯಾರಾದರೂ ಮದುವೆಯ ಮಾತೆತ್ತಿದರೆ ಸಿಡುಕುವುದನ್ನು ರೂಢಿಸಿಕೊಂಡೆ, ಅದು ಸುಲಭವಾಗಿತ್ತು.

ಬಾಡಿಗೆಗೆ ಸಿಕ್ಕದ್ದು ಒಂದು ಮುಸಲ್ಮಾನರ ಮನೆಯ ಮೇಲಿನ ಕೋಣೆ. ಕೆಳಗೆ ಇದ್ದವರು ಇಬ್ಬರೇ ಹೆಂಗಸರು. ಅತ್ತೆ ವಿಧವೆ, ಅರವತ್ತರ ಆಸುಪಾಸು, ಬೆಳಗಾದರೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಕೂರುವವಳು. ಸೊಸೆ ಹತ್ತಿರದ ಭೋಜ ಊರಿನ ಹುಡುಗಿ, ಇಪ್ಪತ್ತಮೂರು ಇಪ್ಪತ್ತನಾಲ್ಕು ಇದ್ದೀತು. ಮಗ ಮದುವೆಯಾಗಿ ನಲವತ್ತನೆಯ ದಿನಕ್ಕೆ ಮಸ್ಕತ್ತಿಗೆ ಹೋಗಿದ್ದ. ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವನು ಹೋಗಿ ಒಂದು ವರ್ಷವಾಗಿತ್ತು. ಈ ಕಥೆ ನಡೆದಾಗ ಮೂರು ವರ್ಷ.

ಮೊದಲ ಆರು ತಿಂಗಳು ನಾನು ಅವರ ಜೊತೆ ನಲ್ಲಿ ನೀರಿನ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಒಂದು ಭಾನುವಾರ ಸೊಸೆ ಮೆಟ್ಟಿಲ ಕೆಳಗೆ ನಿಂತು, "ಅಕ್ಕಾರ, ಒಬ್ಬರ ಏನ ಮಾಡ್ತೀರಿ ಮ್ಯಾಲ? ಕೆಳಗ ಬರ್ರಿ, ಚಾ ಮಾಡೀನಿ" ಎಂದಳು. ಹೋದೆ. ಮರುವಾರವೂ ಕರೆದಳು. ಹೀಗೆ ಭಾನುವಾರ ಮಧ್ಯಾಹ್ನ ಅವರ ಒಳಕೋಣೆಯಲ್ಲಿ ಕೂರುವುದು ರೂಢಿಯಾಯಿತು. ಶನಿವಾರ ಸಂಜೆಯಿಂದಲೇ ನಾನು ಆ ಕರೆಗೆ ಕಾಯುತ್ತಿದ್ದೆ. ಕರೆಯದೆ ಇಳಿದು ಹೋಗುವುದಕ್ಕೆ ನನ್ನ ಸೊಕ್ಕು ಬಿಡುತ್ತಿರಲಿಲ್ಲ. ಆ ಊರಿನಲ್ಲಿ ನನಗಿದ್ದ ಜನ ಅಂದರೆ ಅವರಿಬ್ಬರೇ ಎಂದು ಈಗ ನಾಚಿಕೆಯಿಲ್ಲದೆ ಹೇಳಬಲ್ಲೆ.

ಮಗ ಅಲ್ಲಿಂದ ಯಾರದೋ ಕೈಯಲ್ಲಿ ಟೀವಿ, ವಿಡಿಯೋ ಕಳಿಸಿಕೊಟ್ಟಿದ್ದ. ಅದಕ್ಕೆ ಅವಳು ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಆಮೇಲಾಮೇಲೆ ಆಗೊಂದು ಈಗೊಂದು ಸಿನಿಮಾದ ಕ್ಯಾಸೆಟ್ಟು ಬರುತ್ತಿತ್ತು. ಹಾಗೆ ಒಂದು ಸಲ ಬಂದದ್ದು ಉರ್ದು ಸಿನಿಮಾ, ಕಪ್ಪುಬಿಳುಪಿನದು, ನೆರೆದೇಶದಲ್ಲಿ ತೆಗೆದದ್ದಂತೆ. ಪ್ರತಿಯ ಪ್ರತಿಯ ಪ್ರತಿ ಇರಬೇಕು, ಮುಖಗಳೆಲ್ಲ ಕಲಸಿದ್ದವು. ಓಣಿಯ ನಾಲ್ಕು ಹೆಂಗಸರು ಬೀಡಿಯ ಮೊರ ಸಮೇತ ಬಂದು ಕೂತರು. ಹತ್ತು ನಿಮಿಷವಾಗುವುದರೊಳಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

"ಏನ ಅನ್ನಾಕತ್ತಾನ ಅಂವಾ?" ಎಂದು ಅತ್ತೆ ಸೊಸೆಯನ್ನು ಕೇಳಿದಳು.

"ನನಗ ಎಲ್ಲಿ ತಿಳಿತೈತಿ ಅಮ್ಮಾ! ಇದು ನಮ್ಮ ಉರ್ದು ಅಲ್ಲ, ಪುಸ್ತಕದ್ದು" ಎಂದಳು ಸೊಸೆ.

ಆಗ ನನಗೆ ಹೊಳೆಯಿತು. ದೊಡ್ಡ ಜಮೀನುದಾರನ ಮಗ, ಪಕ್ಕದ ಮನೆಯ ಹುಡುಗಿ, ಚಿಕ್ಕಂದಿನ ಜಗಳ. ಇದು ನಾನು ಓದಿದ ಕಥೆ. ಬಂಗಾಲಿ ಕಾದಂಬರಿ, ಕನ್ನಡಕ್ಕೆ ಬಂದದ್ದು. ಅಥಣಿಯ ವಾಚನಾಲಯದಿಂದ ತಂದು ಎಂಟೊಂಬತ್ತು ಸಲ ಓದಿದ್ದೆ, ಅದರ ಹೊದಿಕೆ ಕಿತ್ತುಹೋದದ್ದಕ್ಕೆ ನಾನೂ ಒಂದು ಕಾರಣ. ನಾನು ಸೆರಗು ಬಿಗಿದುಕೊಂಡು ಮುಂದೆ ಜರುಗಿ ಕೂತೆ. "ನಾ ಹೇಳ್ತೀನಿ ಕೇಳ್ರಿ" ಎಂದೆ. ಪುಸ್ತಕದ ಉರ್ದುವಿನ ಗಂಧವಿಲ್ಲದ ನಾನು, ಮನೆಯಲ್ಲಿ ಉರ್ದು ಆಡುವ ಐದಾರು ಹೆಂಗಸರಿಗೆ ಉರ್ದು ಸಿನಿಮಾದ ಅರ್ಥ ಕನ್ನಡದಲ್ಲಿ ಹೇಳತೊಡಗಿದೆ. ನನ್ನ ಇಷ್ಟು ವರ್ಷದ ತರಗತಿಗಳಲ್ಲಿ ಯಾರೂ ಅಷ್ಟು ಕಿವಿಗೊಟ್ಟು ಕೇಳಿರಲಿಲ್ಲ. ನನಗೆ ಬಹಳ ಖುಷಿಯಾಯಿತು.

ಹುಡುಗಿ ತಾನೇ ಮುಂದಾಗಿ ಅವನ ಕೋಣೆಗೆ ಹೋಗಿ ಮದುವೆಯಾಗೆಂದು ಕೇಳಿದಾಗ ಒಬ್ಬಳು, "ಎಷ್ಟ ಧೈರ್ಯ ಬೇ ಇಕೀಗೆ!" ಎಂದಳು. ಅವನು ಅಂಜಿ ಹಿಂದೆ ಸರಿದಾಗ ಅತ್ತೆ ಬೀಡಿಯ ದಾರ ಕಡಿಯುತ್ತ, "ಗಂಡಸರ ಹಣೆಬರಾನ ಇಷ್ಟ" ಎಂದಳು. ಹುಡುಗಿಯನ್ನು ಮಕ್ಕಳಿದ್ದ ವಿಧುರನಿಗೆ ಮದುವೆ ಮಾಡಿಕೊಟ್ಟಾಗ ಹೆಂಗಸರು ತಲೆ ತಗ್ಗಿಸಿ ಬೀಡಿ ಕಟ್ಟಿದರು. ಸೊಸೆ ಮಾತ್ರ ಗೋಡೆಗೆ ಒರಗಿ ಒಂದೇ ಸಮನೆ ನೋಡುತ್ತಿದ್ದಳು. ಅವನು ಕುಡಿದು ಕುಡಿದು ಕೆಟ್ಟು, ಸಾಯುವ ಮೊದಲು ಒಮ್ಮೆ ಅವಳನ್ನು ನೋಡಲೇಬೇಕೆಂದು, ಜ್ವರದಲ್ಲಿ ರೈಲು ಇಳಿದು ಎತ್ತಿನ ಗಾಡಿ ಹತ್ತಿದ. ಗಾಡಿ ಹೊರಟಿತು. ಅಷ್ಟಕ್ಕೆ ಕ್ಯಾಸೆಟ್ಟು ಮುಗಿದು ಪರದೆಯ ತುಂಬ ಇರುವೆ ಹರಿದಾಡಿದ ಹಾಗೆ ಆಯಿತು.

"ಮುಂದ?" ಎಂದಳು ಸೊಸೆ.

ಎಲ್ಲರೂ ನನ್ನ ಕಡೆ ತಿರುಗಿದರು. ಮುಂದಿನದು ನನಗೆ ಬಾಯಿಪಾಠ ಬರುತ್ತಿತ್ತು. ಅವನು ಅವಳ ಮನೆಯ ಮುಂದೆ ಬಂದು ಬೀಳುತ್ತಾನೆ, ಒಳಗಿರುವ ಅವಳಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಿ ಓಡಿ ಬರುವಾಗ ಅವಳನ್ನು ಹೊರಗೆ ಬಿಡುವುದಿಲ್ಲ. ಸೊಸೆಯ ಮುಖ ನೋಡಿದೆ. ನನಗೆ ಅದನ್ನು ಹೇಳಲಾಗಲಿಲ್ಲ.

"ಮುಟ್ಟತಾನ" ಎಂದೆ. "ಆಕಿ ಬಂದು ಬಾಗಲಾ ತಗೀತಾಳ."

"ಆಕೀ ಗಂಡ?"

"ಛಲೋ ಮನಶಾ ಅಂವಾ. ಏನೂ ಅನ್ನೂದಿಲ್ಲ."

"ಹಕೀಮಗ ಕರಸ್ತಾರೇನ್ರಿ?"

"ಕರಸ್ತಾರ."

"ಗುಣ ಆಕ್ಕೈತಿ?"

"ಆಕ್ಕೈತಿ" ಎಂದೆ. ಒಂದು ಸುಳ್ಳಿಗೆ ಇನ್ನೊಂದು ಊರುಗೋಲು ಕೊಡುತ್ತ ನಾನು ಕಾದಂಬರಿಕಾರನ ಹೊಟ್ಟೆಯ ಮೇಲೆ ಕಾಲಿಟ್ಟೆ. ಹೆಂಗಸರು ಸಮಾಧಾನದಿಂದ ಮೊರ ಎತ್ತಿಕೊಂಡು ಎದ್ದರು. ಸೊಸೆ ಎಲ್ಲರ ಚಹದ ಬಟ್ಟಲು ತೊಳೆಯುತ್ತ ಸಣ್ಣಗೆ ಏನೋ ಗುನುಗುತ್ತಿದ್ದಳು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡು ಮೇಲೆ ಹೋದೆ.

ಆ ಮನೆಯಲ್ಲಿ ಕಾಗದ ಬರೆಯುವ ಪದ್ಧತಿ ಇರಲಿಲ್ಲ. ತಿಂಗಳಿಗೊಮ್ಮೆ ಶುಕ್ರವಾರ ಮಧ್ಯಾಹ್ನ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಆ ಕ್ಯಾಸೆಟ್ಟನ್ನು ಮಸ್ಕತ್ತಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದರು. ಮೊದಲು ಅತ್ತೆ: ಸಲಾಮು, ದುವಾ, ಓಣಿಯಲ್ಲಿ ಯಾರು ಸತ್ತರು, ಯಾರಿಗೆ ಏನು ಹುಟ್ಟಿತು. ಆಮೇಲೆ ಬಂದ ನೆಂಟರಿದ್ದರೆ ನೆಂಟರು. ಹೆಂಡತಿಯ ಸರದಿ ಎಲ್ಲರ ಕೊನೆಗೆ, ಎಲ್ಲರೂ ಕೂತು ಕೇಳುತ್ತಿರುವಾಗ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ನಾನು ಆರಾಮ, ನೀವೂ ಆರಾಮ ಇರಿ, ಎಂದು ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದಳು. ಅತ್ತೆಯ ಎದುರಿಗೆ ಗಂಡನಿಗೆ ಇನ್ನೇನು ಹೇಳಲು ಸಾಧ್ಯ? ಮೂರು ವರ್ಷದಲ್ಲಿ ಅವಳು ಅವನಿಗೆ ಹೇಳಿದ್ದು ಇಷ್ಟೇ.

ಆ ಸಲದ ಶುಕ್ರವಾರ ಶಾಲೆಗೆ ಏನೋ ರಜೆ, ನಾನೂ ಅಲ್ಲೇ ಇದ್ದೆ. ಅವಳ ಸರದಿ ಬಂತು. ಆರಾಮ ಇದ್ದೇನೆ ಎಂದಳು. ಗುಂಡಿಯ ಕಡೆ ಕೈ ಹೋಗಲಿಲ್ಲ. ನೀವು ಕಳಿಸಿದ ಸಿನಿಮಾ ನೋಡಿದೆವು, ಅಕ್ಕಾರು ಅರ್ಥ ಹೇಳಿದರು ಎಂದು ಆ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಅಷ್ಟು ಹೊತ್ತಿಗೆ ಅವರ ಮನೆಮಾತು ನನಗೆ ತಿಳಿಯುತ್ತಿತ್ತು. ಕೊನೆಗೆ ಬಂದಾಗ ಅವಳ ದನಿ ಗಟ್ಟಿಯಾಯಿತು. ಅವನು ಬಂದ, ಅವಳು ಬಾಗಿಲಿಗೆ ಚಿಲಕವನ್ನೇ ಹಾಕಿರಲಿಲ್ಲ, ದಿನಾಲೂ ಹಾಕುತ್ತಿರಲಿಲ್ಲ, ಅವನು ಬಂದ ಸಪ್ಪಳ ಕೇಳಿದ್ದೇ ಓಡಿ ಹೋಗಿ ಒಳಗೆ ಕರೆತಂದಳು, ಎಂದಳು. ಚಿಲಕದ ಮಾತನ್ನು ನಾನು ಹೇಳಿರಲಿಲ್ಲ. ಅದು ಅವಳೇ ಸೇರಿಸಿದ್ದು. ಅತ್ತೆ ಸಿನಿಮಾದ ಕಥೆಯೆಂದು ತಲೆದೂಗುತ್ತ ಕೇಳಿದಳು.

ಅವಳು ಗಂಡನಿಗೆ ಬಾ ಎಂದು ಹೇಳುತ್ತಿದ್ದಳು. ಹೇಳಲು ಅವಳಿಗೆ ಸಿಕ್ಕದ್ದು ನನ್ನ ಸುಳ್ಳು. ಸಿನಿಮಾ ಕಳಿಸಿದವನಿಗೆ ಅದರ ಕೊನೆ ಗೊತ್ತಿರದೆ ಇರುತ್ತದೆಯೇ? ಆಗಲೇ ತಡೆದು, ಇದನ್ನು ಅಳಿಸು, ನಾನು ತಪ್ಪು ಹೇಳಿದ್ದೇನೆ, ಎನ್ನಬೇಕಿತ್ತು. ಹಾಗೆ ಹೇಳಿದರೆ ಮುಂದಿನ ಭಾನುವಾರ ನನ್ನನ್ನು ಕರೆಯುತ್ತಾಳೋ ಇಲ್ಲವೋ. ಸುಮ್ಮನೆ ಕೂತೆ. ನನ್ನ ಪುಕ್ಕಲುತನ ಅಷ್ಟೇ, ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಎರಡು ತಿಂಗಳು ಅಂಜುತ್ತಲೇ ಅವರ ಚಹ ಕುಡಿದೆ. ಉತ್ತರದ ಕ್ಯಾಸೆಟ್ಟು ಒಂದು ಭಾನುವಾರವೇ ಬಂತು. "ಅಕ್ಕಾರ, ಲಗೂ ಬರ್ರಿ, ಅವರ ದನಿ ಬಂದೈತಿ" ಎಂದು ಸೊಸೆ ಮೆಟ್ಟಿಲವರೆಗೆ ಓಡಿ ಬಂದು ಕರೆದಳು. ಅವಳು ಕಣ್ಣಿಗೆ ಕಾಡಿಗೆ ಹಚ್ಚಿಕೊಂಡಿದ್ದಳು.

ಅವನ ದನಿ ದಪ್ಪ, ಮಾತು ನಿಧಾನ. ತಾಯಿಗೆ ಸಲಾಮು ಹೇಳಿದ, ಮೊಣಕಾಲಿನ ನೋವು ಕೇಳಿದ, ಈ ವರ್ಷವೂ ರಜೆ ಕೇಳುವುದಿಲ್ಲ ಎಂದ. ಅತ್ತೆ ಬೀಡಿ ಕಟ್ಟುವುದನ್ನು ನಿಲ್ಲಿಸಿದಳು. ಆಮೇಲೆ ಅವನು ನಕ್ಕ. ಸಿನಿಮಾದ ಕಥೆ ಚೆನ್ನಾಗಿ ಹೇಳಿದೆ, ಆದರೆ ಕೊನೆ ಹಾಗಿಲ್ಲ ಎಂದ. ಆ ಹುಡುಗ ಹೊರಗೇ ಸಾಯುತ್ತಾನೆ, ಬಾಗಿಲು ಮುಚ್ಚಿಬಿಡುತ್ತಾರೆ. ಹೆಂಗಸರೇ ಇರುವ ಮನೆ, ಸುಮ್ಮನೆ ಅಳುತ್ತ ಕೂರುತ್ತೀರಿ ಎಂದು ಆ ಭಾಗ ನಾನೇ ಪ್ರತಿ ತೆಗೆಯುವಾಗ ಬಿಡಿಸಿದೆ. ನಿಮ್ಮ ಅಕ್ಕಾರಿಗೆ ನನ್ನ ಸಲಾಮು ಹೇಳು, ಪಾಪ, ಅವರು ಆ ಪುಸ್ತಕ ಓದಿದಂತಿಲ್ಲ, ಎಂದ.

ಸೊಸೆ ಕ್ಯಾಸೆಟ್ಟು ನಿಲ್ಲಿಸಿದಳು. ನನ್ನ ಕಡೆ ನೋಡಿದಳು.

"ಓದಿಲ್ಲೇನ್ರಿ ಅಕ್ಕಾರ?"

ಅವನು ಅರಿಯದೆ ನನಗೆ ದಾರಿ ಮಾಡಿಕೊಟ್ಟಿದ್ದ. ಓದಿಲ್ಲ ಎಂದರೆ ಮುಗಿಯುತ್ತಿತ್ತು. ಹಾಗೆನ್ನಲು ಬಾಯಿಯನ್ನೂ ತೆರೆದೆ. ಅವಳ ಕಾಡಿಗೆಯ ಕಣ್ಣು ನೋಡಿ ಆಗಲಿಲ್ಲ.

"ಓದೀನಿ" ಎಂದೆ.

"ಗೊತ್ತಿತ್ತ?"

"ಗೊತ್ತಿತ್ತು."

ಅವಳು ಹೇಳಿದಳು: "ಅವರೂ ಬಿಡಿಸ್ಯಾರ, ನೀವೂ ಬಿಡಿಸಿದ್ರಿ. ನನಗ ತಡಕೊಳ್ಳಾಕ ಆಗೂದಿಲ್ಲಂತ ನಿಮಗ ಇಬ್ಬರಿಗೂ ಯಾರ ಹೇಳಿದ್ರು? ಮೂರ ವರ್ಸ ಆತ ತಡಕೊಂಡ ಕುಂತೀನಿ. ಕಾಣಲಿಲ್ಲೇನ್ರಿ?"

ಎದ್ದು ಬಂದೆ. ಚಹ ಅರ್ಧ ಉಳಿದಿತ್ತು.

ಮುಂದಿನ ಭಾನುವಾರ ಅವಳು ಕರೆಯಲಿಲ್ಲ. ಅದರ ಮುಂದಿನದೂ ಇಲ್ಲ. ನಾನು ಹನ್ನೆರಡಕ್ಕೇ ಊಟ ಮುಗಿಸಿ, ಸೀರೆ ಬದಲಿಸಿ, ಕೈಯಲ್ಲಿ ಪರೀಕ್ಷೆಯ ಹಾಳೆ ಹಿಡಿದು ಬಾಗಿಲ ಹತ್ತಿರ ಕೂತಿರುತ್ತಿದ್ದೆ. ಕೆಳಗೆ ಪಾತ್ರೆ ಇಟ್ಟ ಸಪ್ಪಳ, ಅತ್ತೆ ಕೆಮ್ಮಿದ ಸಪ್ಪಳ, ಕೊಡ ತುಂಬಿ ಚೆಲ್ಲಿದ ಸಪ್ಪಳ, ಎಲ್ಲ ಮೇಲೆ ಕೇಳುತ್ತಿತ್ತು. ಚಹ ಸೋಸಿದ್ದು ಕೂಡ ಗೊತ್ತಾಗುತ್ತಿತ್ತು. ಎದುರು ಸಿಕ್ಕರೆ ಅವಳು, "ನೀರ ಬಂದಾವ್ರಿ" ಎನ್ನುತ್ತಿದ್ದಳು, ಅಷ್ಟೇ. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಪಾಠ ಓದುತ್ತ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಲೆಕ್ಕ ಹಾಕಿದರೆ ಹಿಂದಿನ ಸಂಜೆ ಶಾಲೆ ಬಿಟ್ಟಾಗಿನಿಂದ ನಾನು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ರಾಯಬಾಗಕ್ಕೆ ವರ್ಗ ಕೇಳಿ ಅರ್ಜಿ ಬರೆದೆ. ಬರೆದು ಟ್ರಂಕಿನಲ್ಲಿಟ್ಟೆ. ರಾಯಬಾಗದಲ್ಲಾದರೂ ನನಗೆ ಯಾರಿದ್ದರು?

ಐದನೆಯ ವಾರ, ಶುಕ್ರವಾರ, ಶಾಲೆ ಬಿಟ್ಟು ಬಂದಾಗ ಸೊಸೆ ಅಂಗಳದಲ್ಲೇ ನಿಂತಿದ್ದಳು. "ಅಕ್ಕಾರ, ಅಮ್ಮಾ ಕರೀತಾಳ" ಎಂದಳು. ಒಳಗೆ ಟೇಪ್ ರೆಕಾರ್ಡರು ಚಾಪೆಯ ಮೇಲಿತ್ತು. ಅತ್ತೆ ತನ್ನ ಭಾಗ ಮುಗಿಸಿದ್ದಳು. ಸೊಸೆ ಬಾಗಿಲು ಎಳೆದುಕೊಂಡು ನನ್ನೆದುರು ಕೂತಳು.

"ಈಗ ಖರೇದ್ದ ಹೇಳ್ರಿ. ಕೊನೀದ್ದು. ಪುಸ್ತಕದಾಗ ಹೆಂಗ ಐತಿ ಹಂಗ."

ಹೇಳಿದೆ. ಒಂದೂ ಬಿಡಲಿಲ್ಲ. ಗಾಡಿಯವನು ಅವನನ್ನು ಮರದ ಕೆಳಗೆ ಇಳಿಸಿದ್ದು, ಬೆಳಗಾಗುವವರೆಗೆ ಅವನ ಜೀವ ಇದ್ದದ್ದು, ಮಂದಿ ಸುತ್ತ ನೆರೆದದ್ದು, ಒಳಗೆ ಅವಳು ಮನೆಗೆಲಸ ಮಾಡುತ್ತಿದ್ದದ್ದು, ಹೆಸರು ಕೇಳಿ ಓಡಿದ್ದು, ಗಂಡ ಅವಳನ್ನು ಹಿಡಿಯಲು ಹೇಳಿದ್ದು. ಸೊಸೆ ಕಣ್ಣು ಮಿಟುಕಿಸದೆ ಕೇಳಿದಳು, ಅಳಲಿಲ್ಲ. ಹೇಳುತ್ತ ಹೇಳುತ್ತ, ಹತ್ತು ವರ್ಷ ಅಳದೆ ಉಳಿದಿದ್ದ ನಾನೇ ಆ ಇಬ್ಬರ ಮುಂದೆ ಅತ್ತುಬಿಟ್ಟೆ. ಯಾಕೆಂದು ಅವರು ಕೇಳಲಿಲ್ಲ.

"ನನಗೂ ಹಂಗ ಅನಿಸಿತ್ತು" ಎಂದಳು ಅವಳು. "ಅಂವಾ ಬಂದ ದಾರಿ ನೋಡಿದ್ರ ಮುಟ್ಟೂವಂವ ಅಲ್ಲ."

ಅಷ್ಟಂದು ಕೆಂಪು ಗುಂಡಿ ಒತ್ತಿದಳು. ಆರಾಮ ಇದ್ದೇನೆ ಎನ್ನಲಿಲ್ಲ. ಅತ್ತೆಯ ಎದುರಿಗೇ, ಸೆರಗು ಎಳೆದುಕೊಳ್ಳದೆ, ಅವರ ಮನೆಮಾತಿನಲ್ಲಿ ಅವಳು ಹೇಳಿದ್ದರ ಅರ್ಥ ಇಷ್ಟು: ನಾನು ಆರಾಮ ಇಲ್ಲ. ನೀವಿಲ್ಲದೆ ನನಗೆ ಏನೂ ಸೇರುವುದಿಲ್ಲ. ಸಿನಿಮಾ ಕಳಿಸಬೇಡಿರಿ, ನೀವು ಬನ್ನಿರಿ. ಬರುವುದಾಗದಿದ್ದರೆ ಬರುವುದಿಲ್ಲ ಎನ್ನಿರಿ, ಕೇಳುವ ಶಕ್ತಿ ನನಗಿದೆ. ನಾನು ಅತ್ತೆಯ ಮುಖ ನೋಡಿದೆ. ಅವಳು ಗುಂಡಿಯ ಹತ್ತಿರ ಕೈ ಒಯ್ಯಲಿಲ್ಲ. ಅವನು ಬಂದನೇ ಎಂದು ಕೇಳುವವರಿಗಾಗಿ ಹೇಳುತ್ತೇನೆ: ಮುಂದಿನ ರಂಜಾನಿಗೆ ಮೊದಲೇ ಬಂದ.

ಅವಳ ಮಾತು ಮುಗಿದ ಮೇಲೂ ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಅತ್ತೆ ಟೇಪ್ ರೆಕಾರ್ಡರನ್ನು ನನ್ನ ಕಡೆ ಸರಿಸಿ, "ನೀವೂ ಎರಡ ಮಾತ ಹೇಳ್ರಿ ಅಕ್ಕಾರ. ಮನ್ಯಾಗ ಇದ್ದವರೆಲ್ಲಾರೂ ಹೇಳಬೇಕು" ಎಂದಳು.

ಆ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ಕೊನೆ ನನಗೆ ಗೊತ್ತಿತ್ತು, ಸುಳ್ಳು ಹೇಳಿದ್ದು ನಾನು, ನಿಮ್ಮ ಹೆಂಡತಿಯ ತಪ್ಪಿಲ್ಲ, ಎಂದು ಕನ್ನಡದಲ್ಲಿ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕೆಂದೇ ಇದ್ದೆ. ನಿಲ್ಲಲಿಲ್ಲ. ನನ್ನ ಕೋಣೆಯಲ್ಲಿ ಸಂಜೆ ಬಿಸಿಲು ಗೋಡೆಯವರೆಗೆ ಬರುತ್ತದೆ ಎಂದೆ. ಸ್ಟೋವಿನ ವಾಷರು ಹೋಗಿದೆ, ಎರಡು ದಿನದಿಂದ ಅವಲಕ್ಕಿ ತಿನ್ನುತ್ತಿದ್ದೇನೆ ಎಂದೆ. ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನ ಹುಡುಗಿಯರು ನನಗೊಂದು ಅಡ್ಡಹೆಸರು ಇಟ್ಟಿದ್ದಾರೆ ಎಂದೆ. ಅಥಣಿಗೆ ಹೋದರೆ ನನ್ನ ತಾಟನ್ನು ಅತ್ತಿಗೆ ನೆಂಟರ ತಾಟಿನ ಜೊತೆ ಇಡುತ್ತಾಳೆ ಎಂದೆ. ಉಪ್ಪಿಟ್ಟು ತಿಂದು ಹೋದವರ ಮಾತನ್ನೂ ಹೇಳಿದೆ, ಅವರು ಹೇಳಿ ಕಳಿಸಲಿಲ್ಲ, ನಾನು ಎರಡು ವರ್ಷ ಕಾದೆ ಎಂದೆ. ಕಾದದ್ದನ್ನು ನನ್ನ ತಾಯಿಗೂ ನಾನು ಹೇಳಿರಲಿಲ್ಲ. ಹೇಳುತ್ತಿರುವಾಗಲೇ ಟಕ್ಕೆಂದು ಗುಂಡಿ ಮೇಲೆದ್ದಿತು. ಕ್ಯಾಸೆಟ್ಟಿನ ಆ ಬದಿ ಮುಗಿದಿತ್ತು.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೇರೆಯವರ ಮನೆಯ ಕಾಗದದಲ್ಲಿ ನನ್ನ ಗೋಳು ತುಂಬಿಬಿಟ್ಟಿದ್ದೆ. ಅಳಿಸಿರಿ ಎನ್ನಲು ಹೊರಟೆ. ಅಷ್ಟರಲ್ಲಿ ಸೊಸೆ ಕ್ಯಾಸೆಟ್ಟನ್ನು ಹೊರಗೆ ತೆಗೆದು, ತಿರುವಿ ಹಾಕಿ, ಮುಚ್ಚಳ ಒತ್ತಿದಳು.

"ಈ ಬಾಜೂ ಪೂರಾ ಖಾಲಿ ಐತ್ರಿ, ಹೇಳ್ರಿ" ಎಂದಳು.